ನಮ್ಮ ಶಾಂಪೂ, ಹೊಳೆಯ ಮೀನು

ಕೇರ್ ಹೋಮ್, ಆಸ್ಪತ್ರೆ, ಹೋಟೆಲು: ಬ್ರಿಟನ್ನಿನಲ್ಲಿ ನಮ್ಮವರು ಎಲ್ಲೇ ಕೆಲಸ ಮಾಡಲಿ, ದಿನವಿಡೀ ಕೈಯಲ್ಲಿರೋದು ಸೋಪು, ಶಾಂಪೂ, ಲೋಷನ್ನು. ಹಿರಿಯರಿಗೆ ಸ್ನಾನ ಮಾಡಿಸ್ತೀವಿ, ಕ್ರೀಮ್ ಹಚ್ತೀವಿ, ನಲ್ಲಿ ತಿರುಗಿಸ್ತೀವಿ. ತೊಳೆದ ನೀರು ಶುದ್ಧೀಕರಣ ಘಟಕ ದಾಟಿ ಕೊನೆಗೆ ಹೊಳೆಯನ್ನೇ ಸೇರುತ್ತದೆ.

ಬಾಟಲಿಯೊಳಗೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯದಿರಲಿ ಎಂದು ಹಾಕುವ ರಾಸಾಯನಿಕಗಳಲ್ಲಿ ಪ್ಯಾರಾಬೆನ್ ಒಂದು. ಇದು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸಬಲ್ಲದು ಎಂದು ವಿಜ್ಞಾನಿಗಳು 1998ರಲ್ಲಿ ತೋರಿಸಿದರು. ಹೆಣ್ಣು ಮೀನಿನ ಯಕೃತ್ತು ಈಸ್ಟ್ರೋಜನ್ ಸಿಕ್ಕಾಗ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ತಯಾರಿಸುತ್ತದೆ. ಗಂಡು ಮೀನಿಗೆ ಅದರ ಅಗತ್ಯವೇ ಇಲ್ಲ. ಆದರೆ ಪ್ರಯೋಗಾಲಯದಲ್ಲಿ ಕೆಲವು ಪ್ಯಾರಾಬೆನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಗಂಡು ಮೀನಿನಲ್ಲೂ ಅದೇ ಪ್ರೋಟೀನ್ ಕಾಣಿಸಿಕೊಂಡಿತು.

ಹಾಗಂತ ಎಲ್ಲಾ ತಪ್ಪನ್ನೂ ಶಾಂಪೂ ತಲೆಗೆ ಕಟ್ಟೋ ಹಾಗಿಲ್ಲ. 1990ರ ದಶಕದಲ್ಲಿ ಇಲ್ಲಿನ ಹೊಳೆಗಳ ರೋಚ್ ಎಂಬ ಗಂಡು ಮೀನುಗಳ ವೃಷಣದಲ್ಲಿ ಮೊಟ್ಟೆಯ ಕೋಶಗಳು ಕಂಡಾಗ, ಮುಖ್ಯ ಕಾರಣವೆಂದು ಗೊತ್ತಾದದ್ದು ಮನುಷ್ಯರ ದೇಹದಿಂದಲೇ ಚರಂಡಿ ಸೇರುವ ಹಾರ್ಮೋನು ಮತ್ತು ಗರ್ಭನಿರೋಧಕ ಮಾತ್ರೆಯ ಅಂಶ. ಅವುಗಳ ಮುಂದೆ ಪ್ಯಾರಾಬೆನ್ ಬಲ ಸಾವಿರಾರು ಪಟ್ಟು ಕಡಿಮೆ. ಶುದ್ಧೀಕರಣ ಘಟಕದಲ್ಲೇ ಅದರ ಹೆಚ್ಚಿನ ಪಾಲು ಕರಗಿಹೋಗುತ್ತದೆ. ಚಿಂತೆ ಇರೋದು ಬೇರೆ ಕಡೆ: ಇಂಥ ಹತ್ತಾರು ರಾಸಾಯನಿಕಗಳು ದಿನಾ ಒಟ್ಟಿಗೇ ನೀರಿಗೆ ಬೀಳುತ್ತವೆ, ಮೀನು ಅದರಲ್ಲೇ ಹುಟ್ಟಿ ಅದರಲ್ಲೇ ಬದುಕಬೇಕು.

2014ರಲ್ಲಿ ಐರೋಪ್ಯ ಒಕ್ಕೂಟ ಐದು ಬಗೆಯ ಪ್ಯಾರಾಬೆನ್‌ಗಳನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಆಗ ಬ್ರಿಟನ್ನೂ ಒಕ್ಕೂಟದಲ್ಲಿತ್ತು. ಪ್ರೊಪೈಲ್, ಬ್ಯುಟೈಲ್ ಬಗೆಗಳಿಗೆ ಇದ್ದ ಮಿತಿ ಇನ್ನಷ್ಟು ಬಿಗಿಯಾಯಿತು.

ಹಾಗಾದ್ರೆ ‘ಪ್ಯಾರಾಬೆನ್ ಫ್ರೀ’ ಅಂತ ಬರೆದಿದ್ದನ್ನೇ ಕೊಳ್ಳೋಣವೇ? ಸ್ವಲ್ಪ ತಾಳಿ. ಅದರ ಬದಲು ಬಂದ ಮೀಥೈಲ್‌ಐಸೋಥಿಯಾಜೋಲಿನೋನ್ ಎಷ್ಟೋ ಜನರಿಗೆ ಚರ್ಮದ ಅಲರ್ಜಿ ತಂದಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನೂ ನಿಷೇಧಿಸಬೇಕಾಯಿತು. ತೊಳೆದುಬಿಡುವ ಸೋಪು, ಶಾಂಪೂಗಳಲ್ಲಿ ಅದು ಈಗಲೂ ಇರಬಹುದು. ದಿನಕ್ಕೆ ಮೂವತ್ತು ಸಲ ಕೈ ತೊಳೆಯುವ ನಮಗೆ ಇದು ಸಣ್ಣ ಮಾತಲ್ಲ. ಕೈ ಕೆಂಪಾಗಿ ಬಿರುಕು ಬಿಟ್ಟರೆ ಬಾಟಲಿಯ ಲೇಬಲ್ಲಿನ ಫೋಟೋ ತೆಗೆದು ಜಿಪಿಗೆ ತೋರಿಸಿ, ಮ್ಯಾನೇಜರಿಗೂ ತಿಳಿಸಿ.

ನಮ್ಮ ಕೈಲಾಗೋದು ಇಷ್ಟು: ಒಂದು ಹನಿ ಸಾಕಾದಲ್ಲಿ ಮೂರು ಹಿಂಡಬೇಡಿ. ಉಳಿದ ಕ್ರೀಮನ್ನು ಸಿಂಕಿಗೆ ಸುರಿಯದೆ ಕಸದ ಬುಟ್ಟಿಗೆ ಹಾಕಿ. ಬೇಡವಾದ ಮಾತ್ರೆಗಳನ್ನು ಟಾಯ್ಲೆಟ್ಟಿಗೆ ಎಸೆಯಬೇಡಿ, ಫಾರ್ಮಸಿಗೆ ವಾಪಸ್ ಕೊಡಿ. ಮೀನಿನ ಮಟ್ಟಿಗೆ ಈ ಕೊನೆಯದೂ ಒಂದು ಉಪಕಾರವೇ.