ಕೂಸು ಬಿದ್ದಾಗ: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೋಗಬೇಕು

ಅಂಬೆಗಾಲು ಬಿಟ್ಟು ಎದ್ದು ನಿಂತ ಕೂಸು ಬೀಳದೆ ನಡೆಯಲು ಕಲಿಯುವುದಿಲ್ಲ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಮೈಯ ಅಳತೆಗೆ ತಲೆ ದೊಡ್ಡದು, ಹೆಜ್ಜೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಾಗಾಗಿ ಬಿದ್ದರೆ ಹಣೆಗೇ ಪೆಟ್ಟಾಗುವುದು ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ನೆಲ ಕಲ್ಲಿನ ಫರಸಿ, ಬಾಗಿಲ ಮುಂದೆ ಕಟ್ಟೆ. ಇಂಥ ಮನೆಯಲ್ಲಿ ಬೆಳೆಯುವ ಮಗುವಿನ ಹಣೆಯ ಮೇಲೆ ಒಂದು ಬಾವು, ಮೊಣಕಾಲಿಗೆ ಒಂದು ತರಚು ಇದ್ದೇ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ದಿನದಲ್ಲಿ ವಾಸಿಯಾಗುತ್ತವೆ. ಎಲ್ಲದಕ್ಕೂ ಗಾಬರಿಯಾಗುವ ಅಗತ್ಯವಿಲ್ಲ. ಆದರೆ ಯಾವುದು ಅಪಾಯ ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು.

ಮೊದಲ ಮಾತು: ಬೈಯಬಾರದು, ಮುಚ್ಚಿಡಬಾರದು

ಕೂಸು ಬಿದ್ದ ಕೂಡಲೇ ಅನೇಕ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು "ನೀ ಎಲ್ಲಿ ನೋಡತಿದ್ದಿ?" ಎಂಬುದು. ಈ ಮಾತು ಸಾಮಾನ್ಯವಾಗಿ ಸೊಸೆಗೆ, ಇಲ್ಲವೆ ಮಗುವನ್ನು ಎತ್ತಿಕೊಂಡಿದ್ದ ಅಕ್ಕನಿಗೆ ಬೀಳುತ್ತದೆ. ಇದರಿಂದ ಒಂದು ದೊಡ್ಡ ಹಾನಿ ಇದೆ. ಎರಡು ಸಲ ಬೈಸಿಕೊಂಡವರು ಮೂರನೆಯ ಸಲ ಬಿದ್ದದ್ದನ್ನು ಹೇಳುವುದೇ ಇಲ್ಲ. ರಾತ್ರಿ ಕೂಸು ವಾಂತಿ ಮಾಡಿಕೊಂಡರೆ, ಹಾಲು ಅರಗಿಲ್ಲವೆಂದು ಮನೆಯವರು ತಿಳಿಯುತ್ತಾರೆ. ಮಧ್ಯಾಹ್ನ ಹೊರಸಿನಿಂದ ಬಿದ್ದಿತ್ತು ಎಂಬುದು ಗೊತ್ತಿದ್ದರೆ ಅದೇ ವಾಂತಿಗೆ ಬೇರೆ ಅರ್ಥ ಬರುತ್ತದೆ. ಎಷ್ಟು ಎತ್ತರದಿಂದ, ಯಾವುದರ ಮೇಲೆ, ಎಷ್ಟು ಹೊತ್ತಿಗೆ ಬಿತ್ತು, ಕೂಡಲೇ ಅತ್ತಿತೋ ಇಲ್ಲವೋ: ವೈದ್ಯರು ಕೇಳುವ ಪ್ರಶ್ನೆಗಳು ಇವೇ. ಇವಕ್ಕೆ ನಿಜವಾದ ಉತ್ತರ ಸಿಗಬೇಕಾದರೆ ಮನೆಯಲ್ಲಿ ನಿಜ ಹೇಳಲು ಹೆದರಿಕೆ ಇರಬಾರದು.

ಸಣ್ಣ ಪೆಟ್ಟಿಗೆ ಮನೆಯ ಉಪಚಾರ

ಬಾವು ಬಂದರೆ: ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುಮಾರು ಹತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಬಾವನ್ನು ತಿಕ್ಕುವುದು, ಎಣ್ಣೆ ಹಚ್ಚಿ ನೀವುವುದು ಬೇಡ.

ತರಚಿದರೆ: ಶುದ್ಧ ನೀರಿನಿಂದ ಮಣ್ಣು ಹೋಗುವಂತೆ ತೊಳೆಯಬೇಕು. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಬೇಕು. ನಡುವೆ ತೆಗೆದು ನೋಡಬಾರದು. ಅರಿಷಿಣ, ಕಾಫಿಪುಡಿ, ಸುಣ್ಣ, ಬೂದಿ ತುಂಬಬಾರದು. ಅವುಗಳಿಂದ ಗಾಯಕ್ಕೆ ನಂಜು ಆಗಬಹುದು, ಹೊಲಿಗೆ ಬೇಕೋ ಎಂದು ನೋಡಲು ವೈದ್ಯರಿಗೂ ತೊಂದರೆ.

ಮೂಗಿನಿಂದ ರಕ್ತ ಬಂದರೆ: ಮಗುವನ್ನು ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಹಿಡಿಯಬೇಕು. ತಲೆ ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗೆ ಇಳಿಯುತ್ತದೆ.

ಸುಟ್ಟರೆ: ಹರಿಯುವ ನಲ್ಲಿಯ ನೀರನ್ನು 20 ನಿಮಿಷ ಬಿಡಬೇಕು. ಬರ್ಫ, ತುಪ್ಪ, ಟೂತ್‌ಪೇಸ್ಟ್ ಯಾವುದೂ ಬೇಡ. ಬೊಬ್ಬೆ ಒಡೆಯಬಾರದು. ಮುಖ, ಕೈ ಸುಟ್ಟಿದ್ದರೆ, ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕೈ ಎತ್ತದಿದ್ದರೆ: ಮಗುವನ್ನು ಒಂದೇ ಕೈ ಹಿಡಿದು ಜಗ್ಗಿ ಎತ್ತಿದಾಗ ಮೊಣಕೈ ಕೀಲು ಜಾರಬಹುದು. ಮಗು ಆ ಕೈಯನ್ನು ಅಲುಗಾಡಿಸದೆ ಜೋತುಬಿಡುತ್ತದೆ. ಎಣ್ಣೆ ತಿಕ್ಕಿಸಲು ಒಯ್ಯದೆ ವೈದ್ಯರಲ್ಲಿಗೆ ಒಯ್ಯಬೇಕು. ಬರಿ ಕೀಲು ಜಾರಿದ್ದರೆ ಅವರು ಸಾಮಾನ್ಯವಾಗಿ ಕೆಲವೇ ಕ್ಷಣದಲ್ಲಿ ಕೂಡಿಸುತ್ತಾರೆ.

ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದು ಹಿಂದೆ ಹಾಕಿಸಿದ ಲಸಿಕೆಗಳ ಮೇಲೆ ನಿಂತಿದೆ. ಸರಕಾರಿ ಲಸಿಕಾ ಪಟ್ಟಿಯಂತೆ 6, 10, 14ನೆಯ ವಾರದಲ್ಲಿ ಪೆಂಟಾವೇಲೆಂಟ್, 16ರಿಂದ 24ನೆಯ ತಿಂಗಳೊಳಗೆ ಡಿಪಿಟಿ ಬೂಸ್ಟರ್ ಆಗಿರಬೇಕು. ನಡೆಯಲು ಕಲಿತ ಮೇಲಿನ ಈ ಬೂಸ್ಟರ್ ಮರೆಯಬಾರದು. ಗಾಯವಾದಾಗ ತಾಯಿ ಕಾರ್ಡನ್ನು ಜೊತೆಗೆ ಒಯ್ಯಬೇಕು.

ತಡಮಾಡದೆ ಹೊರಡಬೇಕಾದ ಲಕ್ಷಣಗಳು

ತಲೆಗೆ ಪೆಟ್ಟಾದ ಮೇಲೆ ಕೆಳಗಿನ ಯಾವುದೇ ಒಂದು ಕಂಡರೂ ಕಾಯಬಾರದು:

– ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪುವುದು
– ಒಂದಕ್ಕಿಂತ ಹೆಚ್ಚು ಸಲ ವಾಂತಿ
– ಫಿಟ್ಸ್ ಬರುವುದು
– ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ತಾಯಿಯನ್ನು ಗುರುತಿಸದಿರುವುದು
– ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ನೀರಿನಂಥ ದ್ರವ
– ಎರಡು ಕಣ್ಣಿನ ಪಾಪೆಗಳ ಅಳತೆಯಲ್ಲಿ ವ್ಯತ್ಯಾಸ
– ಏನು ಮಾಡಿದರೂ ನಿಲ್ಲದ ಅಳು
– ತಲೆಯ ಪಕ್ಕದಲ್ಲಿ ಅಥವಾ ಹಿಂದೆ ಮೆತ್ತಗಿನ ದೊಡ್ಡ ಬಾವು

ಎರಡು ವರ್ಷದೊಳಗಿನ ಕೂಸು 3 ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಆಡುತ್ತಿದ್ದರೂ ಒಮ್ಮೆ ತೋರಿಸುವುದು ಒಳಿತು. "ತಲೆಗೆ ಪೆಟ್ಟು ಬಿದ್ದ ಮಗುವನ್ನು ಮಲಗಲು ಬಿಡಬಾರದು" ಎಂಬ ಮಾತು ಪೂರ್ತಿ ಸರಿಯಲ್ಲ. ಮೇಲಿನ ಲಕ್ಷಣಗಳಿಲ್ಲದೆ, ತನ್ನ ನಿದ್ದೆಯ ಹೊತ್ತಿಗೆ ಮಲಗಿದರೆ ಮಲಗಲಿ. ನಡುವೆ ಒಂದೆರಡು ಸಲ ಮುಟ್ಟಿ, ಸ್ವಲ್ಪ ಎಚ್ಚರಿಸಿ ನೋಡಿದರೆ ಸಾಕು. ಒಂದೆರಡು ದಿನ ಗಮನವಿರಲಿ.

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಆಸ್ಪತ್ರೆ ಇದೆ. ತಲೆಯ ಸ್ಕ್ಯಾನ್ ಬೇಕಾದರೆ ವಿಜಯಪುರಕ್ಕೆ ಹೋಗಬೇಕಾಗಬಹುದು. ಇಲ್ಲಿಂದ ವಿಜಯಪುರಕ್ಕೆ ಒಂದರಿಂದ ಎರಡು ತಾಸಿನ ದಾರಿ. ಆದ್ದರಿಂದ "ಬೆಳಗ್ಗೆ ನೋಡೋಣ" ಎಂದು ಕೂರಬಾರದು. 108ಕ್ಕೆ ಕರೆ ಮಾಡಬೇಕು.

ನೋಡಿ ಇಡುವುದು, ನೋಡಿ ತೆಗೆಯುವುದು

ಯಾವುದೇ ವಸ್ತುವನ್ನು ನೋಡಿ ತೆಗೆಯಬೇಕು, ನೋಡಿ ಇಡಬೇಕು ಎಂಬುದು ಆದಾನ ನಿಕ್ಷೇಪಣ ಸಮಿತಿ. ಅದನ್ನು ಮುನಿಗಳಿಗೆ ಹೇಳಿದ್ದು ಸಣ್ಣ ಜೀವಿಗಳಿಗೆ ಹಿಂಸೆಯಾಗದಿರಲೆಂದು. ಕೂಸಿರುವ ಮನೆಯಲ್ಲಿ ಶ್ರಾವಕ ಶ್ರಾವಿಕೆಯರಿಗೂ ಇದು ದಿನದ ಕೆಲಸಕ್ಕೆ ಬರುವ ಮಾತು. ನಮ್ಮ ಸಮಾಜದಲ್ಲಿ ನೀರನ್ನು ಸೋಸಿ, ಕಾಯಿಸಿ ಕುಡಿಯುವ ಮನೆಗಳು ಬಹಳ. ಕಾಯಿಸಿದ ಪಾತ್ರೆಯನ್ನು ಆರಲೆಂದು ನೆಲದ ಮೇಲೆ ಇಟ್ಟರೆ, ಅದು ನೇರ ಮಗುವಿನ ಕೈಗೆ ಸಿಗುತ್ತದೆ. ಎತ್ತರದ ಕಟ್ಟೆಯ ಮೇಲೆ, ಒಳಭಾಗಕ್ಕೆ ಸರಿಸಿ ಇಡಬೇಕು. ದೇವರ ಮುಂದಿನ ದೀಪಕ್ಕೂ ಇದೇ ಮಾತು. ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್ ಬಿಟ್ಟು ಬರಬಾರದು; ತಲೆಕೆಳಗಾಗಿ ಬಿದ್ದ ಕೂಸಿಗೆ ಸ್ವಲ್ಪ ನೀರೂ ಅಪಾಯ. ಕೆಳಗೆ ಅಂಗಡಿ, ಮೇಲೆ ಮನೆ ಇರುವವರು ಮೆಟ್ಟಿಲಿಗೆ ಸಣ್ಣ ಗೇಟು ಹಾಕಿಸಬೇಕು, ಚೀಲದ ಥಪ್ಪಿ ಮತ್ತು ತೂಕದ ಕಲ್ಲುಗಳ ಹತ್ತಿರ ಮಗುವನ್ನು ಬಿಡಬಾರದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಸುತ್ತ ಗೋಡೆ ಇಲ್ಲದಿದ್ದರೆ ಕೂಸನ್ನು ಮೇಲೆ ಒಯ್ಯದಿರುವುದೇ ಸರಿ. ಗಾಲಿಯ ವಾಕರ್‌ನಿಂದ ಮಗು ಬೇಗ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೆಟ್ಟಿಲಿನಿಂದ ಉರುಳುವ ಅಪಾಯವಿರುವುದರಿಂದ ಕೆನಡಾ ದೇಶವು 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ.

ಮುಚ್ಚಲೇಬೇಕಾದ ಬಾಯಿ

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು ಎರಡು ವರ್ಷದ ಕೂಸು ತೆರೆದ ಕೊಳವೆಬಾವಿಗೆ ಬಿದ್ದಿತು. ಪಕ್ಕದಲ್ಲಿ ಗುಂಡಿ ತೋಡಿ, ಸುಮಾರು 20 ತಾಸಿನ ಮೇಲೆ, ಮರುದಿನ ಮಧ್ಯಾಹ್ನ ಜೀವಂತವಾಗಿ ಹೊರತೆಗೆದಾಗ ಇಡೀ ಜಿಲ್ಲೆಯೇ ನಿಟ್ಟುಸಿರು ಬಿಟ್ಟಿತು. ಆದರೆ ಇದೇ ಜಿಲ್ಲೆಯ ನಾಗಠಾಣದಲ್ಲಿ 2014ರ ಜೂನ್‌ನಲ್ಲಿ ಕೊಳವೆಬಾವಿಗೆ ಬಿದ್ದ ನಾಲ್ಕು ವರ್ಷದ ಬಾಲಕಿ ಉಳಿಯಲಿಲ್ಲ. ಸುಪ್ರೀಂ ಕೋರ್ಟು 2010ರಲ್ಲಿಯೇ ಸ್ಪಷ್ಟ ಸೂಚನೆ ಕೊಟ್ಟಿದೆ: ಕೊರೆಯುವಾಗ ಸುತ್ತ ಮುಳ್ಳುತಂತಿಯ ಬೇಲಿ ಮತ್ತು ಫಲಕ ಇರಬೇಕು, ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ತಗಡು ಬೆಸೆಯಬೇಕು ಅಥವಾ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು, ಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ಮೇಲೆ ಗೋಣಿಚೀಲ ಹೊದಿಸಿ ಕಲ್ಲಿಟ್ಟರೆ ಅದು ಮುಚ್ಚಿದಂತೆ ಅಲ್ಲ.

ಹೊಲ ಇರುವವರು, ಹೊಲವನ್ನು ಲಾವಣಿಗೆ ಕೊಟ್ಟವರು ಈ ವಾರವೇ ಒಮ್ಮೆ ಹೋಗಿ ಬಾವಿಯ ಬಾಯಿ ನೋಡಿ ಬರಬೇಕು. ಹೊಸ್ತಿಲ ಮೇಲೆ ಎಡವಿ ಬಿದ್ದ ಕೂಸು ಅತ್ತು, ತಾಯಿಯ ತೊಡೆಯ ಮೇಲೆ ಸಮಾಧಾನಗೊಂಡು, ಮತ್ತೆ ಎದ್ದು ಓಡುತ್ತದೆ. ಅದನ್ನು ತಡೆಯಬೇಕಿಲ್ಲ. ಎದ್ದು ಓಡಲು ಆಗದಂಥ ಬೀಳುಗಳನ್ನು ತಡೆಯುವುದು ದೊಡ್ಡವರ ಕೈಯಲ್ಲಿದೆ.