ಹಳೆಯ ಕ್ಯಾಮೆರಾ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ಸಂಕ್ರಮಣದ ಜಾತ್ರೆ ಬಂದಿತೆಂದರೆ ಸಿದ್ಧೇಶ್ವರ ಗುಡಿಯ ಸುತ್ತಿನ ಓಣಿಗಳಲ್ಲಿ ಮನೆಮನೆಗೂ ನೆಂಟರು. ನಂದಿಧ್ವಜಗಳ ಮೆರವಣಿಗೆ ನೋಡಲು ಮಾಳಿಗೆಯೇರಿ ನಿಂತವರಲ್ಲಿ, ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ, ಒಬ್ಬರ ಕೈಯಲ್ಲಾದರೂ ಸಣ್ಣದೊಂದು ವಿಡಿಯೋ ಕ್ಯಾಮೆರಾ ಇರುತ್ತಿತ್ತು. ಅಂದು ಹಿಡಿದ ಚಿತ್ರಗಳು ಈಗೆಲ್ಲಿವೆ? ಬಹುಮಟ್ಟಿಗೆ ಅಲಮಾರಿನ ಮೇಲ್ಗೂಡಿನಲ್ಲಿ, ಸೀರೆಗಳ ಹಿಂದಿನ ಮಿಠಾಯಿ ಡಬ್ಬಿಯಲ್ಲಿ. ಮೇಲಿನ ಚೀಟಿಯಲ್ಲಿ ‘ಬಿಜಾಪುರ ಜಾತ್ರೆ’ ಎಂದಿದೆ. ಊರಿನ ಹೆಸರು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಚೀಟಿ ಹಾಗೆಯೇ ಉಳಿಯಿತು.

ಡಬ್ಬಿಯಲ್ಲಿದ್ದರೆ ಇರಲಿ, ಬೇಕಾದಾಗ ನೋಡಿದರಾಯಿತು ಎಂದು ತಾವು ಅನ್ನಬಹುದು. ನೋಡುವುದು ಯಾತರಲ್ಲಿ? ನಮ್ಮ ಊರಿನಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ಓಲೆಗರಿಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರಷ್ಟೆ. ಅವರಿಗೆ ಸಿಕ್ಕ ಗರಿಗಳು ಎಷ್ಟೇ ಹಳೆಯವಿರಲಿ, ಓದಲು ಕಣ್ಣು ಸಾಕಾಗಿತ್ತು, ಲಿಪಿ ತಿಳಿದಿದ್ದರಾಯಿತು. ಕ್ಯಾಸೆಟ್ಟು ಹಾಗಲ್ಲ. ಅದನ್ನು ಓದಲು ಯಂತ್ರವೇ ಬೇಕು. ಆ ಯಂತ್ರವನ್ನು ಈಗ ಮಾಡುವವರಿಲ್ಲ. ದೊಡ್ಡ ವಿ.ಎಚ್.ಎಸ್. ಕ್ಯಾಸೆಟ್ಟಿನ ಪ್ಲೇಯರುಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಕೈಬಿಟ್ಟಿತು. ಇನ್ನು ಟೇಪಾದರೂ ಕಾಯುತ್ತದೆಯೆ? ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ತಗಡಿನ ಮಾಡಿನ ಕೆಳಗಿಟ್ಟ ಟೇಪಿನ ಪಾಡು ಹೇಳತಕ್ಕದ್ದಿಲ್ಲ.

ಡಬ್ಬಿ ತೆರೆದಾಗ ಮೊದಲು ಜಾತಿ ಗುರುತಿಸಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿದ್ದು ‘ಮಿನಿ ಡಿ.ವಿ.’ ಎಂದು ಬರೆದಿದ್ದರೆ ಅದು 1995ರಲ್ಲಿ ಬಂದ ಪದ್ಧತಿಯದು. ‘ವಿಡಿಯೋ 8’, ‘ಹೈ 8’ ಎಂದಿದ್ದರೆ ಅದಕ್ಕಿಂತ ಹಿಂದಿನದು. ಇವೆರಡರ ನಡುವಿನ ಭೇದ ಬಹಳ ದೊಡ್ಡದು. ಹಿಂದಿನ ಪದ್ಧತಿಯಲ್ಲಿ ಚಿತ್ರವು ಏರಿಳಿಯುವ ಅಲೆಯಾಗಿ ಟೇಪಿನ ಮೇಲೆ ಕೂಡುತ್ತದೆ. ಅದರ ಪ್ರತಿ ತೆಗೆಯುವುದು ಲಿಪಿಕಾರನು ಓಲೆ ನೋಡಿ ಓಲೆ ಬರೆದ ಹಾಗೆ. ಪ್ರತಿಸಲವೂ ಏನಾದರೊಂದು ಸ್ಖಾಲಿತ್ಯ ನುಸುಳುತ್ತದೆ. ಮಿನಿ ಡಿ.ವಿ.ಯಲ್ಲಿ ಚಿತ್ರವು ಅಂಕಿಗಳಾಗಿ ಕೂತಿರುತ್ತದೆ. ಟೇಪಿನ ಅಗಲ 6.35 ಮಿಲಿಮೀಟರ್, ಅದರ ಮೇಲೆ ಮಿಲಿಮೀಟರಿನ ನೂರರಲ್ಲೊಂದು ಪಾಲು ಅಗಲದ ಓರೆಗೆರೆಗಳು, ಅವನ್ನು ಓದುವ ತಲೆ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಆ ಅಂಕಿಗಳನ್ನು ಅಂಕಿಗಳಾಗಿಯೇ ಕಂಪ್ಯೂಟರಿಗೆ ಸಾಗಿಸಿದರೆ ಪಾಠಾಂತರವೇ ಇಲ್ಲ. ಚಿತ್ರ ಹಿಡಿದ ದಿನಾಂಕ, ವೇಳೆ ಸಹ ಅದರೊಳಗೇ ಬರುತ್ತವೆ.

ಹಾಗೆ ಸಾಗಿಸುವ ದಾರಿ ಒಂದೇ: ಕ್ಯಾಮೆರಾದ ಬದಿಯಲ್ಲಿ ‘ಡಿ.ವಿ.’ ಎಂದೋ, ಸೋನಿಯದಾದರೆ ‘ಐ-ಲಿಂಕ್’ ಎಂದೋ ಬರೆದ ಸಣ್ಣ ಕಿಂಡಿ. ಅದಕ್ಕೆ ಹಾಕುವ ತಂತಿಗೆ ಫೈರ್‌ವೈರ್ ಎಂದು ಹೆಸರು. ಪಕ್ಕದಲ್ಲೇ ಯು.ಎಸ್.ಬಿ. ಕಿಂಡಿ ಇರುವುದನ್ನು ಕಂಡು ಹಲವರು ಮೋಸಹೋಗುತ್ತಾರೆ. ಎಷ್ಟೋ ಕ್ಯಾಮೆರಾಗಳಲ್ಲಿ ಅದು ನಿಶ್ಚಲ ಚಿತ್ರಗಳಿಗೆ ಮಾತ್ರ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯು.ಎಸ್.ಬಿ. ಎಂದು ಅಗ್ಗಕ್ಕೆ ಮಾರುವ ತಂತಿಯೂ ಈ ಕೆಲಸಕ್ಕೆ ಬಾರದು, ಹಣ ದಂಡ. ಮೇಜಿನ ಕಂಪ್ಯೂಟರಿಗಾದರೆ ಒಳಗೆ ಫೈರ್‌ವೈರ್ ಕಾರ್ಡು ಕೂರಿಸಬಹುದು. ಫೈರ್‌ವೈರ್ ಕಿಂಡಿಯಿರುವ ಹಳೆಯ ಲ್ಯಾಪ್‌ಟಾಪು ಯಾರ ಮನೆಯಲ್ಲಾದರೂ ಮೂಲೆಗೆ ಬಿದ್ದಿದ್ದರೆ ಅದೇ ಭಾಗ್ಯ. ವಿಂಡೋಸಿಗೆ ‘ವಿನ್‌ಡಿವಿ’, ಲಿನಕ್ಸಿಗೆ ‘ಡಿವಿಗ್ರ್ಯಾಬ್’ ಎಂಬ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ.

ವಿಡಿಯೋ 8, ವಿ.ಎಚ್.ಎಸ್. ಮುಂತಾದವಕ್ಕೆ ಹಳದಿ, ಬಿಳಿ, ಕೆಂಪು ತಂತಿಗಳೇ ಗತಿ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ದನಿ. ಅಲೆಯನ್ನು ಅಂಕಿಯಾಗಿಸುವ ಕ್ಯಾಪ್ಚರ್ ಸಾಧನವೊಂದನ್ನು ಕಂಪ್ಯೂಟರಿನ ಯು.ಎಸ್.ಬಿ.ಗೆ ಸಿಕ್ಕಿಸಬೇಕು. ಅದರಲ್ಲಿ ‘ಪಾಲ್’ ಎಂದು ಆರಿಸಿಕೊಳ್ಳಿರಿ; ನಮ್ಮ ದೇಶದ ಪದ್ಧತಿ ಅದು, ಸೆಕೆಂಡಿಗೆ 25 ಚಿತ್ರ. ಅಮೆರಿಕೆಯ ಪದ್ಧತಿಗೆ ಬಿಟ್ಟರೆ ಬಣ್ಣ ಹೋಗುತ್ತದೆ, ಇಲ್ಲವೆ ಚಿತ್ರ ಉರುಳುತ್ತದೆ.

ಇದೆಲ್ಲ ರಗಳೆ, ಅಂಗಡಿಗೆ ಕೊಟ್ಟರಾಯಿತು ಎಂದು ನಾನೂ ಅಂದುಕೊಂಡಿದ್ದೆ. 2004ರ ಭೋಗಿಯ ದಿನ ನಮ್ಮ ಅವ್ವ ಸಜ್ಜಿರೊಟ್ಟಿ ತಟ್ಟುತ್ತ ಮಾತಾಡಿದ ಟೇಪೊಂದಿತ್ತು. ಒಬ್ಬರ ಕೈಗೆ ಕೊಟ್ಟೆ. ವಾರದ ಮೇಲೆ ಡಿ.ವಿ.ಡಿ. ಬಂತು; ರೊಟ್ಟಿ ಇದೆ, ಅವ್ವನ ಬಾಯಿ ಆಡುತ್ತಿದೆ, ಮೇಲೆ ಸಿನಿಮಾ ಹಾಡು! ಚೆಂದ ಕಾಣಲಿ ಎಂದು ಹಾಕಿದರಂತೆ. ಮೂಲ ಟೇಪು ಕೇಳಿದರೆ, ಅದರ ಮೇಲೆ ಆಗಲೇ ಯಾರದೋ ಮದುವೆ ತುಂಬಿಯಾಗಿತ್ತು. ಅವ್ವ ತೀರಿಕೊಂಡ ಮೇಲೆ ಆ ದನಿ ಎಲ್ಲಿಂದ ತರುವುದು? ಆದಕಾರಣ ತಾವು ಹೊರಗೆ ಕೊಟ್ಟರೂ ಮೂರು ಮಾತು ಬರೆಸಿಕೊಳ್ಳಿರಿ: ಏನನ್ನೂ ಸೇರಿಸಕೂಡದು, ಏನನ್ನೂ ಕತ್ತರಿಸಕೂಡದು, ಟೇಪು ಮರಳಿ ಬರಬೇಕು.

ಮನೆಯಲ್ಲಿಯೇ ಮಾಡುವವರು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಬೇಕು. ಆಮೇಲೆ ಕೈ ತಪ್ಪಿದರೂ ಮೇಲೆ ತುಂಬುವ ಭಯವಿಲ್ಲ. ಒಳಗೆ ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಟೇಪಿನ ಜೊತೆಗೆ ಕ್ಯಾಮೆರಾವೂ ಕೆಡುತ್ತದೆ. ವರ್ಷಗಟ್ಟಲೆ ಮಲಗಿದ್ದ ಟೇಪನ್ನು ಮೊದಲು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿರಿ, ಬಿಗಿ ಸಮವಾಗುತ್ತದೆ. ಚಿತ್ರದಲ್ಲಿ ಚೌಕಳಿ ಒಡೆದರೆ ತಲೆ ಕೊಳೆಯಾಗಿದೆಯೆಂದು ತಿಳಿದು, ಶುದ್ಧಿಯ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಬೇಕು, ಹೆಚ್ಚು ಓಡಿಸಿದರೆ ತಲೆ ಸವೆಯುತ್ತದೆ. ತಂತಿ ಜೋಡಿಸುವಾಗ ಕ್ಯಾಮೆರಾ ಆರಿಸಿರಲಿ. ಅದರ ಬ್ಯಾಟರಿ ನಂಬಬೇಡಿ, ಗೋಡೆಯ ಕರೆಂಟಿಗೆ ಸೇರಿಸಿ.

ಇನ್ನು ತಾಳ್ಮೆಯ ಮಾತು. ಫೋನಿನ ಚಿತ್ರ ಕ್ಷಣದಲ್ಲಿ ದಾಟಿದಂತೆ ಇದು ದಾಟುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ. ಪುರಾಣ ಹಚ್ಚಿದ ಹಾಗೆ ಕೂತು ಕೇಳಲೇಬೇಕು. ಮಿನಿ ಡಿ.ವಿ.ಯ ಒಂದು ಗಂಟೆ ಸುಮಾರು 13 ಜಿ.ಬಿ. ಜಾಗ ಹಿಡಿಯುತ್ತದೆ. ಇಪ್ಪತ್ತು ನಿಮಿಷದ ಸುಮಾರಿಗೆ ಕೆಲಸ ತಟ್ಟನೆ ನಿಂತರೆ ಗಾಬರಿ ಬೇಡ. ತಮ್ಮ ಡಿಸ್ಕು ‘ಫ್ಯಾಟ್ 32’ ಎಂಬ ಹಳೆಯ ಕಟ್ಟಿನದು, ಅದರಲ್ಲಿ 4 ಜಿ.ಬಿ. ಮೀರಿದ ಕಡತ ಹಿಡಿಸದು. ಬೇರೆ ಡಿಸ್ಕಿಗೆ ಇಳಿಸಿರಿ.

ಇಳಿದ ಕಡತವನ್ನು ಹಾಗೆಯೇ ಇಡಬೇಕು. ಮಕ್ಕಳಿಗೆ ಫೋನಿನಲ್ಲಿ ಕಳಿಸಲು ಎಂ.ಪಿ. 4 ರೂಪದ ಚಿಕ್ಕ ಪ್ರತಿ ಬೇರೆ ಮಾಡಿಕೊಳ್ಳಿರಿ. ವಾಟ್ಸಾಪಿನಲ್ಲಿ ಹೋದದ್ದೇ ಮೂಲವೆಂದು ತಿಳಿಯುವುದು ಇಂದಿನ ದೊಡ್ಡ ಭ್ರಮೆ. ಮೂಲಕ್ಕೆ ಎರಡು ಹಾರ್ಡ್ ಡಿಸ್ಕು, ಒಂದು ನಮ್ಮಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ತಿಕೋಟಾ, ಬಬಲೇಶ್ವರ ಕಡೆಯ ಕೆಲವರ ಡಬ್ಬಿಯಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವೂ ಇದ್ದೀತು. ಬಿಜ್ಜರಗಿಯಲ್ಲಿ ಹುಟ್ಟಿದ ಅವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅಂಥ ಟೇಪು ಒಂದೇ ಮನೆಯ ಸೊತ್ತಲ್ಲ. ಅದರ ಸರದಿ ಮೊದಲು ಬರಲಿ.

ಟೇಪು ಓಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಮಾಳಿಗೆಯ ಮೇಲೆ ನಿಂತವರು ಯಾರು ಯಾರೆಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ನಿಮಿಷದ ಲೆಕ್ಕದಿಂದ ಬರೆದಿಡಿರಿ. ನಮ್ಮಲ್ಲಿ ಉಳಿದಿದ್ದವು ಆರು ಕ್ಯಾಸೆಟ್ಟು. ಏಳು ಭಾನುವಾರ ಹಿಡಿಯಿತು; ಒಂದು ಭಾನುವಾರ ಕರೆಂಟು ಇರಲಿಲ್ಲ.