ದೋಣಿಯ ಹಿಂದಿನ ಅಲೆ, ಎಲೆಕ್ಟ್ರಾನ್‌ನ ಓಟ: ಒಂದು ಹೋಲಿಕೆಯ ಬಳಕೆ ಮತ್ತು ಮಿತಿ

ಅಲೆ ಮುಂದೆ ಸಾಗುತ್ತದೆ, ಮಾಧ್ಯಮದ ಕಣಗಳು ಇದ್ದಲ್ಲಿಯೇ ಕಂಪಿಸುತ್ತವೆ. ಒಂಬತ್ತನೆಯ ತರಗತಿಯ ಶಬ್ದದ ಪಾಠದಲ್ಲಿ ಮಕ್ಕಳು ಕಲಿಯುವುದು ಇದನ್ನೇ. ಈ ಪೂರ್ವಜ್ಞಾನವಿರುವ ವಿದ್ಯಾರ್ಥಿಗೆ "ಪ್ಲಾಸ್ಮಾ ಅಲೆಯು ಎಲೆಕ್ಟ್ರಾನ್‌ಗಳನ್ನು ಹೊತ್ತೊಯ್ಯುತ್ತದೆ" ಎಂದರೆ ಗೊಂದಲವಾಗುವುದು ಸಹಜ. ಪಾಠಯೋಜನೆ ಈ ಗೊಂದಲದಿಂದಲೇ ಆರಂಭವಾಗಲಿ.

ಕೆಲವು ಹತ್ತು ಫೆಮ್ಟೊಸೆಕೆಂಡ್‌ಗಳಷ್ಟೇ ಇರುವ ತೀವ್ರ ಲೇಸರ್ ಸ್ಪಂದವು ಪ್ಲಾಸ್ಮಾದೊಳಗೆ ಸಾಗುವಾಗ ಎಲೆಕ್ಟ್ರಾನ್‌ಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಹೈಡ್ರೋಜನ್ ಅಯಾನು ಎಲೆಕ್ಟ್ರಾನ್‌ಗಿಂತ ಸುಮಾರು 1836 ಪಟ್ಟು ಭಾರ, ಅದು ಕದಲುವುದಿಲ್ಲ. ಉಳಿದ ಧನ ಆವೇಶವು ಎಲೆಕ್ಟ್ರಾನ್‌ಗಳನ್ನು ಮರಳಿ ಸೆಳೆಯುತ್ತದೆ. ಅವು ತಮ್ಮ ಸ್ಥಾನ ದಾಟಿ ತೂಗಾಡುತ್ತವೆ. ಹೀಗೆ ಸ್ಪಂದದ ಬೆನ್ನಿಗೆ, ಬೆಳಕಿನ ವೇಗದ ಸಮೀಪದಲ್ಲಿ, ಅಲೆಯೊಂದು ಹಿಂಬಾಲಿಸುತ್ತದೆ.

ದುಬಾರೆಯಲ್ಲಿ ಕಾವೇರಿ ದಾಟುವ ಮೋಟಾರು ದೋಣಿಯನ್ನು ಮಕ್ಕಳು ನೆನೆಯಲಿ. ದೋಣಿ ಎಂದರೆ ಲೇಸರ್ ಸ್ಪಂದ, ಹಿಂದಿನ ಅಲೆ ಎಂದರೆ ಪ್ಲಾಸ್ಮಾ ಅಲೆ. ನೀರಿನಲ್ಲಿ ಬಿದ್ದ ಎಲೆ ಏರಿಳಿದು ಹಿಂದೆಯೇ ಉಳಿಯುತ್ತದೆ. ಹಲಗೆಯ ಮೇಲೆ ನಿಂತು ಅಲೆಯ ವೇಗಕ್ಕೆ ಬಂದವನು ಮಾತ್ರ ಅಲೆಯ ಇಳಿಜಾರಿನಲ್ಲಿ ಮುಂದೆ ಸಾಗುತ್ತಾನೆ. ಪ್ಲಾಸ್ಮಾದ ಬಹುತೇಕ ಎಲೆಕ್ಟ್ರಾನ್‌ಗಳು ಎಲೆಯಂತೆ. ಅಲೆಯ ವೇಗವನ್ನು ಹಿಡಿದ ಕೆಲವು ಮಾತ್ರ ಅದರ ವಿದ್ಯುತ್ ಕ್ಷೇತ್ರದಿಂದ ಸತತವಾಗಿ ಶಕ್ತಿ ಪಡೆಯುತ್ತವೆ. ಒಂಬತ್ತನೆಯ ತರಗತಿಯ ನಿಯಮ ಸುಳ್ಳಾಗಲಿಲ್ಲ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಪ್ಪುಹಲಗೆಯಲ್ಲಿ ಬರೆಯಬೇಕು. ನೀರನ್ನು ಮರಳಿ ಎಳೆಯುವುದು ಗುರುತ್ವ. ಎಲೆಕ್ಟ್ರಾನನ್ನು ಎಳೆಯುವುದು ವಿದ್ಯುತ್ ಆಕರ್ಷಣೆ.

1979ರಲ್ಲಿ ತಜಿಮಾ ಮತ್ತು ಡಾಸನ್ ಈ ವಿಧಾನವನ್ನು ಸೂಚಿಸಿದರು. ಸಾಮಾನ್ಯ ವೇಗೋತ್ಕರ್ಷಕದ ಲೋಹದ ಕೋಶಗಳಲ್ಲಿ ಮೀಟರಿಗೆ ಸುಮಾರು 10 ಕೋಟಿ ವೋಲ್ಟ್ ದಾಟಿದರೆ ಕಿಡಿ ಹಾರುತ್ತದೆ. ಪ್ಲಾಸ್ಮಾದಲ್ಲಿ ಪರಮಾಣುಗಳು ಮೊದಲೇ ಒಡೆದಿರುವುದರಿಂದ ಆ ಭಯವಿಲ್ಲ. 2019ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯವು ಕೇವಲ 20 ಸೆಂ.ಮೀ. ಉದ್ದದಲ್ಲಿ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಧಿಸಿದ್ದನ್ನು ವರದಿ ಮಾಡಿತು. ಮಕ್ಕಳೇ ಭಾಗಿಸಲಿ: ಮೀಟರಿಗೆ ಸರಾಸರಿ 3900 ಕೋಟಿ ವೋಲ್ಟ್. ಲೋಹದ ಕೋಶಗಳಾದರೆ ಅಷ್ಟೇ ಶಕ್ತಿಗೆ ಕನಿಷ್ಠ 78 ಮೀಟರ್ ಬೇಕು. ಆದರೆ "ಇಡೀ ಯಂತ್ರ ಮೇಜಿನ ಮೇಲೆ ಹಿಡಿಸುತ್ತದೆ" ಎಂದು ಹೇಳಬಾರದು. ಆ ಲೇಸರ್‌ಗೇ ದೊಡ್ಡ ಕೋಣೆ ಬೇಕು.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ ಸಾಕು: ಎಲೆ ಏಕೆ ಹಿಂದೆ ಉಳಿಯಿತು? ಎಲೆಕ್ಟ್ರಾನ್ ಏಕೆ ಉಳಿಯಲಿಲ್ಲ? ಎರಡಕ್ಕೂ ಒಂದೇ ನಿಯಮದಿಂದ ಉತ್ತರಿಸಿದ ವಿದ್ಯಾರ್ಥಿಗೆ ಅಲೆ ಅರ್ಥವಾಗಿದೆ.